ಬಸಪ್ಪ ಕೊಟ್ಟ ಪಾದ

ಷರತ್ತು ಅಪ್ಪನದು, ಅದರ ಹಿಂದಿನ ಹೆದರಿಕೆ ಅಜ್ಜಿಯದು. ದನದ ಆಸ್ಪತ್ರೆಯಲ್ಲಿ ಯಾವ ದನವಾದರೂ ಒದ್ದು, ಹಾಯ್ದು, ತುಳಿದು ನನಗೆ ಗಾಯವಾದರೆ ಅವತ್ತೇ ಕತೆ ಮುಗಿಯಿತು. ಪಶುವೈದ್ಯೆಯಾಗುವ ಆಸೆ ಬಿಟ್ಟು ಚಾಮರಾಜನಗರದಲ್ಲಿ ಬಿ.ಕಾಂ. ಸೇರಬೇಕು. ಕುಂಟುವ ಹುಡುಗಿಯನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂಬುದು ಅಜ್ಜಿಯ ವಾದ. ಪಿಯುಸಿ ಪರೀಕ್ಷೆ ಮುಗಿಸಿ ಕೂತಿದ್ದ ನಾನು ಹೂಂ ಅಂದುಬಿಟ್ಟೆ. ಬಿ.ಕಾಂ. ಕೆಟ್ಟದ್ದೇನಲ್ಲ, ಆದರೆ ಲೆಕ್ಕ ಕಂಡರೆ ನನಗೆ ಆಕಳಿಕೆ ಬರುತ್ತದೆ.

ಹೀಗೆ ರಜೆಯಲ್ಲಿ ಆ ಆಸ್ಪತ್ರೆಯ ಡಾಕ್ಟರ್ ಶಾಂತಿಯವರ ಬೆನ್ನಿಗೆ ಬಿದ್ದೆ. ಬೆಳಿಗ್ಗೆ ಅಪ್ಪ ಹರದನಹಳ್ಳಿಯಿಂದ ಬೈಕಿನಲ್ಲಿ ತಂದು ಬಿಡುತ್ತಿದ್ದರು. ನೋಡುವುದು, ಕೇಳಿದ್ದನ್ನು ಎತ್ತಿಕೊಡುವುದು, ಬಾಯಿ ಮುಚ್ಚಿಕೊಂಡಿರುವುದು ನನ್ನ ಕೆಲಸ. ಕೊನೆಯದೇ ಕಷ್ಟ. ಡಾಕ್ಟರದ್ದೂ ಒಂದು ಕಟ್ಟಪ್ಪಣೆಯಿತ್ತು: ದನದ ಹತ್ತಿರ ಹೋಗುವಾಗ ಕಾಲಲ್ಲಿ ಗಂಬೂಟು ಇರಲೇಬೇಕು. ಆಸ್ಪತ್ರೆಯ ಗಂಬೂಟು ನನಗೆ ತೀರಾ ದೊಡ್ಡದು. ನಡೆದರೆ ಲೊಟಲೊಟ ಅನ್ನುತ್ತಿತ್ತು.

ಒಂದು ಸೋಮವಾರ ಗುಂಡ್ಲುಪೇಟೆ ಕಡೆಯ ಹಳ್ಳಿಯಿಂದ ಟೆಂಪೋದಲ್ಲಿ ಬಸಪ್ಪ ಬಂದ. ಮಾದಪ್ಪನ ಗುಡಿಗೆ ಬಿಟ್ಟ ಹೋರಿ. ಹರಕೆ ಹೊತ್ತವರು ಎದುರು ಕೂತು ಅಂಗೈ ಚಾಚಿದರೆ ಬಲಗಾಲೆತ್ತಿ ಅದರ ಮೇಲಿಡುತ್ತಾನೆ. ಅದಕ್ಕೆ ಪಾದ ಕೊಡುವುದು ಎನ್ನುತ್ತಾರೆ. ಪಾದ ಸಿಕ್ಕರೆ ನೆನೆದ ಕೆಲಸ ಆದಂತೆಯೇ. ಅಂಥ ಬಸಪ್ಪ ಮದುವೆಮನೆಯಲ್ಲಿ ಮಿಕ್ಕ ಅನ್ನ, ಪಾಯಸವನ್ನೆಲ್ಲ ಬಾರಿಸಿ, ಹೊಟ್ಟೆ ಉಬ್ಬರಿಸಿಕೊಂಡು ತಮಟೆಯಂತಾಗಿದ್ದ. ದೇವರಿಗೆ ಸಾಕು ಅನ್ನುವವರು ಯಾರು?

ಅವನನ್ನು ಇಳಿಸಿದ್ದೇ ತಡ, ಅಲ್ಲಿದ್ದವರೆಲ್ಲ ಚಪ್ಪಲಿ ಬಿಟ್ಟು ಕೈಮುಗಿದರು. ನಾನೂ ಬಿಟ್ಟೆ. ಯೋಚಿಸಿ ಮಾಡಿದ್ದಲ್ಲ. ಬಸಪ್ಪನ ಮುಂದೆ ಮೆಟ್ಟು ಹಾಕಿಕೊಂಡು ನಿಂತು ನನಗೆ ರೂಢಿಯೇ ಇಲ್ಲ. ಗಂಬೂಟುಗಳು ಗೋಡೆ ಪಕ್ಕ ಶಿಸ್ತಾಗಿ ನಿಂತವು. ಡಾಕ್ಟರ ಕಣ್ಣು ಬಸಪ್ಪನ ಹೊಟ್ಟೆಯ ಮೇಲಿತ್ತು, ನನ್ನ ಕಾಲಿನ ಮೇಲಲ್ಲ.

ಅವರು ಬಾಯಿಂದ ಹೊಟ್ಟೆಗೆ ರಬ್ಬರ್ ಪೈಪು ಇಳಿಸಿ, ಅಲುಗದಂತೆ ಹಿಡಿದಿರಲು ನನಗೆ ಹೇಳಿ, ಔಷಧಿ ಕಲಸಲು ತಿರುಗಿದರು. ಗಾಳಿ ಬುಸ್ಸೆಂದು ಹೊರಬಂತು. ಅದರ ವಾಸನೆಯ ಮಾತು ಬೇಡ. ಹೊಟ್ಟೆ ಹಗುರಾದ ಖುಷಿಗೆ ಬಸಪ್ಪ ಒಂದು ಹೆಜ್ಜೆ ಮುಂದಿಟ್ಟ, ನನ್ನ ಹೆಬ್ಬೆರಳಿನ ಮೇಲೆ.

ಕಣ್ಣು ಕತ್ತಲಿಟ್ಟಿತು. ಕೂಗಿದರೆ ಬಸಪ್ಪ ಬೆದರುತ್ತಾನೆ, ಬಿಟ್ಟರೆ ಪೈಪು ಕಿತ್ತು ಬರುತ್ತದೆ. ಹಲ್ಲು ಕಚ್ಚಿ ಹಿಡಿದೇ ಇದ್ದೆ. ಡಾಕ್ಟರ್ ತಿರುಗಿ ನೋಡಿ, ಬಂದು ಹೆಗಲು ಕೊಟ್ಟು ತಳ್ಳಿದ ಮೇಲೆಯೇ ಅವನು ಕಾಲೆತ್ತಿದ್ದು. ಅವರು ಪೈಪು ತಮ್ಮ ಕೈಗೆ ತೆಗೆದುಕೊಂಡು, ಗೋಡೆ ಪಕ್ಕದ ಗಂಬೂಟನ್ನೊಮ್ಮೆ ನೋಡಿದರು. ಬೈದಿದ್ದರೇ ವಾಸಿಯಿತ್ತು.

ಸಂಜೆಗೆ ಬೆರಳು ಬದನೆಕಾಯಿಯಾಯಿತು. ಅತ್ತುಬಿಟ್ಟೆ. ನೋವಿಗಲ್ಲ, ಬಿ.ಕಾಂ.ಗೆ. ಅಪ್ಪ ಬಂದವರೇ ನಾನು ಕುಂಟುವುದನ್ನು ಕಂಡು, ಯಾವ ದನ ತುಳಿಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಬಸಪ್ಪನ ಹಗ್ಗ ಹಿಡಿದಿದ್ದ ಮುದುಕ ಮರಿಮಲ್ಲಪ್ಪ ಎದ್ದು ಬಂದರು.

"ದನ ಅಲ್ಲ ಕಣ್ ಸ್ವಾಮಿ, ಬಸಪ್ಪ. ನಿಮ್ ಕೂಸ್ಗೆ ಕೇಳ್ದೆನೇ ಪಾದ ಕೊಟ್ಟವ್ನೆ."

ಸುತ್ತಲಿದ್ದವರೂ ಹೌದೆಂದರು. ಒಬ್ಬಾಕೆ ನನ್ನ ಬೆರಳು ಮುಟ್ಟಿ ಕಣ್ಣಿಗೊತ್ತಿಕೊಂಡಳು, ನನಗೆ ಜೀವ ಹೋಯಿತು. ಡಾಕ್ಟರ್ ಅಪ್ಪನನ್ನು ಪಕ್ಕಕ್ಕೆ ಕರೆದು ಏನೋ ಮಾತಾಡಿದರು. ಅಪ್ಪ ಬಸಪ್ಪನಿಗೆ ಕೈಮುಗಿದು ಬೈಕು ಹತ್ತಿದರು.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಪಾದವೂ ಇಲ್ಲ, ಏನೂ ಇಲ್ಲ, ಗಂಬೂಟು ಬಿಚ್ಚಿಟ್ಟದ್ದು ನನ್ನದೇ ತಪ್ಪು ಅಂದೆ. ಅಪ್ಪ ಬೈಕು ನಿಧಾನ ಮಾಡಿದರು.

"ಗೊತ್ತು ಕಣಮ್ಮಿ. ಬಸಪ್ಪ ಪಾದ ಕೊಡದು ಕೈಗೆ, ಕಾಲ್ಗಲ್ಲ. ಅಷ್ಟ್ ನೋವಾದ್ರೂವೆ ನೀನು ಪೈಪ್ ಬುಡ್ನಿಲ್ವಂತೆ, ಡಾಕ್ಟ್ರಮ್ಮ ಹೇಳುದ್ರು. ನಂಗೆ ಅಷ್ಟ್ ಸಾಕು. ನಿಮ್ಮಜ್ಜಿಗೆ ಮಾತ್ರ ಪಾದ ಅಂತ್ಲೇ ಹೇಳು."

ಅಪ್ಪನ ಬೆನ್ನಿಗೆ ಮುಖ ಒತ್ತಿ ಇನ್ನೊಂದು ಸಲ ಅತ್ತೆ. ಮನೆಯಲ್ಲಿ ಅಜ್ಜಿ ದೊಡ್ಡಮಲ್ಲಮ್ಮ ಬೆರಳಿಗೆ ವಿಭೂತಿ ಹಚ್ಚಿ, ಕೇರಿಗೆಲ್ಲ ಸುದ್ದಿ ಮುಟ್ಟಿಸಿ ಬಂದಳು.

ಊತ ಇಳಿಯುವ ಮೊದಲೇ ಅಪ್ಪ ಪೇಟೆಯಿಂದ ಹೊಸ ಗಂಬೂಟು ತಂದರು. ಹಾಕಿಕೊಂಡು ಅಂಗಳದಲ್ಲಿ ನಡೆದೆ. ಲೊಟಲೊಟ ಇಲ್ಲ, ಊದಿದ ಬೆರಳಿಗೂ ಜಾಗವಿತ್ತು.

"ಬಸಪ್ಪ ಬಂದ್ರೂವೆ ಬುಚ್ಬೇಡ," ಎಂದು ಅಪ್ಪ ಬೈಕು ಶುರು ಮಾಡಿದರು.