ಬಾಗಿಲು ಬಡಿದರೆ ನಿಲ್ಲುವ ರೇಡಿಯೋ

ಕಾಜಾ ಅಜ್ಜಿಯ ಬಾಗಿಲು ಇನ್ನೂ ನಾಲ್ಕು ಹೆಜ್ಜೆ ದೂರ ಇರುವಾಗಲೇ ಗಣತಿ ಹಾಳೆ ಹಿಡಿದ ತಂಗಿಗೆ ಒಳಗಿನಿಂದ ಅಕ್ಕನ ದನಿ ಕೇಳಿಸಿತು. "ನಾಳೆ ಮೇಲಿನ ಟ್ಯಾಂಕಿನ ಕಡೆಯ ಬೀದಿಗಳಿಗೆ ನೀರು ಬೆಳಗ್ಗೆ ಐದರಿಂದ..." ಎನ್ನುತ್ತಿತ್ತು ರೇಡಿಯೋ. ತಂಗಿ ಬಾಗಿಲು ಬಡಿದಳು. ಟಕ್ ಎಂದು ಅಕ್ಕನ ಬಾಯಿ ಮುಚ್ಚಿತು.

ಬಾಗಿಲು ತೆರೆದ ಅಜ್ಜಿಯ ಕೈಯಲ್ಲಿ ಸೂಜಿ ಇತ್ತು. ದರ್ಜಿಗಳು ಕಳಿಸುವ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದು ಆಕೆಯ ಕಸುಬು.

"ನಿಮ್ಮ ಮನೇಲಿ ರೇಡಿಯೋ ಕೇಳ್ತೀರಾ ಅಜ್ಜಿ?"

"ರೇಡಿಯೋನಾ? ಅಯ್ಯೋ, ನಮ್ಮನೇಲಿ ಅದೆಲ್ಲ ಎಲ್ಲಿದೆಯಮ್ಮ?"

ಆಕೆಯ ಬೆನ್ನ ಹಿಂದೆ, ಅವಸರದಲ್ಲಿ ಎಸೆದ ಟವೆಲ್ಲಿನ ಕೆಳಗಿನಿಂದ ಏರಿಯಲ್ಲು ನೆಟ್ಟಗೆ ನಿಂತಿತ್ತು. ಬಚ್ಚಿಡುವುದಕ್ಕಾದರೂ ಒಂದು ಲಕ್ಷಣ ಬೇಡವೇ! ತಂಗಿ ಅದನ್ನು ನೋಡಿದಳು. ಪಕ್ಕದಲ್ಲಿದ್ದ ಮೇಲ್ವಿಚಾರಕನೂ ನೋಡಿದ. ಕಚೇರಿಯಲ್ಲಿ ಆತನಿಗೆ ರೂಲುದೊಣ್ಣೆ ಎಂದು ಹೆಸರು.

"ಅವರು ಏನು ಹೇಳಿದ್ರೋ ಅದನ್ನೇ ಬರೀರಿ," ಎಂದ.

ತಂಗಿ "ಇಲ್ಲ" ಎಂಬುದಕ್ಕೆ ಗುರುತು ಹಾಕಿದಳು. ಆ ಓಣಿಯಲ್ಲಿ ಅದು ಹದಿನಾಲ್ಕನೆಯ ಇಲ್ಲ.

ವಿಷಯ ಇಷ್ಟು. ಊರಿನ ರೇಡಿಯೋ ನಡೆಯುವುದು ಜನರ ತೆರಿಗೆಯಲ್ಲಿ. ಯಾರೂ ಕೇಳದ ರೇಡಿಯೋಗೆ ಎಲ್ಲರ ದುಡ್ಡು ಯಾಕೆ ಸುರಿಯಬೇಕು ಎಂದು ಈ ವರ್ಷ ನಗರಸಭೆಯಲ್ಲಿ ಕೆಲವರು ಎದ್ದರು. ತಪ್ಪು ಪ್ರಶ್ನೆಯೇನಲ್ಲ ಬಿಡಿ. ಕೆಲವು ಬೀದಿಗಳನ್ನು ಚೀಟಿ ಎತ್ತಿ ಆರಿಸಿ, ಮನೆಮನೆಗೂ ಹೋಗಿ ವಿಚಾರಿಸುವುದೆಂದು ತೀರ್ಮಾನವಾಯಿತು. ಅರ್ಧಕ್ಕಿಂತ ಒಂದು ಮನೆ ಹೆಚ್ಚಿದ್ದರೂ ರೇಡಿಯೋ ಉಳಿಯುತ್ತದೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಬೀಗ. ನಿನ್ನೆಯವರೆಗೆ ಹೌದು, ಇಲ್ಲ ಎರಡೂ ಸರಿಸಮ ಬಂದಿದ್ದವು. ಉಳಿದದ್ದು ಇದೊಂದೇ ಓಣಿ, ಇಪ್ಪತ್ತೈದು ಮನೆ.

ಈ ಓಣಿಯ ಗ್ರಹಚಾರವೇ ಬೇರೆ. ಹಿಂದೆ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿದ್ದ ಕಾಲದಲ್ಲಿ ಸಾಹೇಬರು ಇಲ್ಲಿಗೆ ನುಗ್ಗಿ, ಲೈಸೆನ್ಸಿಲ್ಲದ ಪೆಟ್ಟಿಗೆಗಳನ್ನೆಲ್ಲ ಗಾಡಿಗೆ ತುಂಬಿಕೊಂಡು ಹೋಗಿದ್ದರು. ಲೈಸೆನ್ಸ್ ಹೋಗಿ ಎಷ್ಟೋ ವರ್ಷವಾಯಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಇಲ್ಲಿಯವರೆಲ್ಲ ಕಣ್ಣು ಕೈ ಎರಡನ್ನೂ ಕೆಲಸಕ್ಕೆ ಕೊಟ್ಟವರು. ಬಿಡುವಾಗಿರುವುದು ಕಿವಿ ಒಂದೇ. ಹಾಗಾಗಿ ದಿನವಿಡೀ ರೇಡಿಯೋ ಹಾಡುತ್ತಿರುತ್ತದೆ. ಯಾರಾದರೂ ಕಾಗದ ಹಿಡಿದು ಬಾಗಿಲು ಬಡಿದರೆ ತೆಪ್ಪಗಾಗುತ್ತದೆ.

ಗಣತಿ ಯಾತಕ್ಕೆಂದು ತಂಗಿ ಹೇಳುವಂತಿರಲಿಲ್ಲ. ಗೊತ್ತಾದರೆ ಜನ ಮುಲಾಜಿಗೆ ಉತ್ತರ ಹೇಳುತ್ತಾರಂತೆ. ಯಾಕೆ ಎಂದು ಅವರಾಗಿಯೇ ಕೇಳಿದರೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮುಗಿಯುವವರೆಗೆ ರೇಡಿಯೋದಲ್ಲೂ ಆ ಮಾತು ಎತ್ತಬಾರದೆಂದು ಕಟ್ಟಪ್ಪಣೆ. ಅಕ್ಕ ರೇಡಿಯೋದವಳೆಂದು ತಂಗಿ ತಾನೇ ಬರೆದುಕೊಟ್ಟಿದ್ದಳು. ಬದಲಿಗೆ ಬೇರೆ ಜನ ಇರಲಿಲ್ಲ. ಅದಕ್ಕೇ ರೂಲುದೊಣ್ಣೆ ಬೆಳಗಿನಿಂದ ನೆರಳಿನ ಹಾಗೆ ಬೆನ್ನಿಗೆ ಬಿದ್ದಿದ್ದ.

ಬೆಳಗ್ಗೆ ಫೋನಿನಲ್ಲಿ ತಂಗಿ ಅಂಗಲಾಚಿದ್ದಳು. "ಒಂದೇ ಒಂದು ಮಾತು ಹೇಳಕ್ಕ. ಬಾಗಿಲಿಗೆ ಬಂದೋರಿಗೆ ಹೆದರ್ಬೇಡಿ ಅಂತ, ಅಷ್ಟೇ."

"ಆ ಮೈಕು ನಂದಲ್ಲ ಕಣೇ. ರೇಡಿಯೋ ಬೇಡ ಅನ್ನೋರೂ ಅದಕ್ಕೆ ತೆರಿಗೆ ಕಟ್ಟಿದಾರೆ. ಅವರ ದುಡ್ಡಲ್ಲಿ ಕೂತು ನನ್ನ ಹೊಟ್ಟೆಪಾಡು ಹೇಳ್ಕೊಳ್ಳಲಾ?"

"ಮುಚ್ಚಿದ್ರೆ ಏನ್ಮಾಡ್ತೀಯ?"

ಅಕ್ಕ, "ನೀನು ಊಟ ಕಟ್ಕೊಂಡ್ಯಾ?" ಎಂದಿದ್ದಳು. ಅಪ್ಪ ಹೋದ ಮೇಲೆ ಆ ಮೈಕಿನ ಸಂಬಳದಲ್ಲೇ ತಂಗಿಯನ್ನು ಓದಿಸಿದವಳು ಅವಳು. ಬೇರೆ ಕೆಲಸ ಅವಳಿಗೆ ಗೊತ್ತಿಲ್ಲ, ಕಲಿಯುವ ವಯಸ್ಸೂ ಅಲ್ಲ.

ಹದಿನೈದು, ಹದಿನಾರು, ಹದಿನೇಳು. ಪ್ರತಿ ಬಾಗಿಲಲ್ಲೂ ಅಕ್ಕನ ಮಾತು ಅರ್ಧಕ್ಕೇ ತುಂಡಾಗುತ್ತಿತ್ತು. "ಕಾಣೆಯಾಗಿದ್ದ ಹುಡುಗಿ ಮನೆಗೆ..." ಟಕ್. "ಕಣ್ಣಿನ ಡಾಕ್ಟರು ಈ ವಾರ..." ಟಕ್. ಯಾರಾದರೂ ಯಾಕೆ ಎಂದು ಒಂದು ಮಾತು ಕೇಳಬಾರದೇ? ಕವರು ಅಂಟಿಸುವ ಗಂಡಹೆಂಡತಿಯ ಮನೆಯಲ್ಲಿ ಗಂಡ ಬಾಯಿ ತೆರೆದ. "ಅಲ್ಲ ಮೇಡಂ, ಇದು..." ಎನ್ನುವಷ್ಟರಲ್ಲಿ ಹೆಂಡತಿ ಹಿಂದಿನಿಂದ ಅಂಗಿ ಜಗ್ಗಿದಳು. ಅವನು ತುಟಿ ಹೊಲಿದುಕೊಂಡ.

"ಏನೋ ಕೇಳೋಕೆ ಹೊರಟ್ರಲ್ಲ?" ತಂಗಿಗೆ ತಡೆಯಲಾಗಲಿಲ್ಲ.

"ಅದು ಪ್ರಶ್ನೆಪಟ್ಟಿಯಲ್ಲಿ ಇಲ್ಲ," ಎಂದ ರೂಲುದೊಣ್ಣೆ. ಆ ಹೊತ್ತಿಗೆ ಅವನ ಕತ್ತು ಹಿಚುಕಬೇಕು ಅನ್ನಿಸಿತು ತಂಗಿಗೆ.

ಇಪ್ಪತ್ತನಾಲ್ಕು ಮನೆ, ಇಪ್ಪತ್ತನಾಲ್ಕು ಇಲ್ಲ. ಐದೂವರೆ ದಾಟಿತ್ತು. ಆರಕ್ಕೆ ಹಾಳೆಗಳ ಕಂತೆಗೆ ಮೊಹರು ಹಾಕಬೇಕು. ಕೊನೆಯದು ಬೀಗ ರಿಪೇರಿಯವನ ಮನೆ. ಮುಂದೆ ಅಂಗಡಿ, ಹಿಂದೆ ವಾಸ. ಓಣಿಯವರು ಅವನನ್ನು ಕರೆಯುವುದೇ ತಕರಾರು ಎಂದು. ತಂಗಿ ಹೋದರೂ ಅವನು ರೇಡಿಯೋ ಆರಿಸಲಿಲ್ಲ. ಆರಿಸುವುದಿರಲಿ, ಅದರ ಕಿವಿ ಹಿಂಡಿ, ಬರುತ್ತಿದ್ದ ಹಾಡನ್ನು ಇನ್ನೂ ಜೋರು ಮಾಡಿದ.

"ರೇಡಿಯೋ ಕೇಳ್ತೀರಾ?"

"ಕಾಣಲ್ವಾ? ಇಪ್ಪತ್ತು ವರ್ಷದಿಂದ ಕೇಳ್ತಿದೀನಿ. ಬರ್ಕೊಳ್ಳಿ."

ಮೊದಲ ಹೌದು! ಹೌದು ಎಂದವರಿಗೆ ಮಾತ್ರ ಕೇಳುವ ಎರಡನೆಯ ಪ್ರಶ್ನೆಯೊಂದಿತ್ತು. ಅದು ಸಭೆಯವರು ಓದಿ ತಿಳಿದುಕೊಳ್ಳುವುದಕ್ಕೆ. ಬೆಳಗಿನಿಂದ ಅದರ ಸರದಿಯೇ ಬಂದಿರಲಿಲ್ಲ. "ಇದನ್ನು ತೆರಿಗೆ ಹಣದಲ್ಲಿ ನಡೆಸಬೇಕೇ?"

"ಬೇಡ. ದಪ್ಪಕ್ಷರದಲ್ಲಿ ಬರ್ಕೊಳ್ಳಿ. ನಾನು ಕೇಳ್ತೀನಿ, ಬೇಕಾದ್ರೆ ಚಂದಾ ಕೊಡ್ತೀನಿ. ಕೇಳದೇ ಇರೋನ ಜೇಬಿಗೆ ಯಾಕ್ರೀ ಕೈ ಹಾಕ್ಬೇಕು?"

ತಂಗಿಯ ಮುಖ ಬಿಳಿಚಿಕೊಂಡಿತು. ಆದರೂ ಹೇಳಿದ್ದನ್ನು ಹೇಳಿದ ಹಾಗೇ ಬರೆದು, ಪೆನ್ನು ಮುಚ್ಚಿ ತಿರುಗಿದಳು. ಅವನು ಬೀಗದ ಕೈಯೊಂದನ್ನು ಎತ್ತಿಕೊಂಡು ಉಜ್ಜುವ ಯಂತ್ರಕ್ಕೆ ಕೊಟ್ಟ. ಅದು ಕರ್ರೋ ಎಂದು ಶುರುವಾಯಿತು.

"ನಿಲ್ಲಿ! ಇದೆಲ್ಲ ಯಾತಕ್ಕೆ ಕೇಳ್ತಿದೀರ?"

ತಂಗಿ ರೂಲುದೊಣ್ಣೆಯ ಕಡೆ ನೋಡಿದಳು. ಅವನು ಅರೆಗಳಿಗೆ ತಡೆದು ತಲೆ ಆಡಿಸಿದ. ತಂಗಿ ಹೇಳತೊಡಗಿದಳು.

"ಏನು? ಕೇಳಿಸ್ತಿಲ್ಲ! ಜೋರಾಗಿ ಹೇಳಿ!" ಅವನು ಯಂತ್ರ ನಿಲ್ಲಿಸುವ ಜಾತಿಯವನಲ್ಲ.

ತಂಗಿ ಗಂಟಲು ಹರಿಯುವ ಹಾಗೆ ಕೂಗಿದಳು. "ಅರ್ಧಕ್ಕಿಂತ ಹೆಚ್ಚು ಮನೆ ಕೇಳಿದ್ರೆ ತೆರಿಗೆ ದುಡ್ಡಲ್ಲಿ ರೇಡಿಯೋ ನಡೆಸ್ತಾರೆ! ಇಲ್ಲಾಂದ್ರೆ ಈ ತಿಂಗಳೇ ಮುಚ್ತಾರೆ! ಇದು ಲೈಸೆನ್ಸಿಗಲ್ಲ!"

"ಲೈಸೆನ್ಸಿನ ವಿಷಯ ಅವರು ಕೇಳಿರಲಿಲ್ಲ," ಎಂದ ರೂಲುದೊಣ್ಣೆ.

ಯಂತ್ರ ನಿಂತಿತು. "ನಾನು ಏನು ಕೇಳ್ದೆ ಅಂತ ನೀವು ಹೇಳ್ತೀರೇನ್ರಿ? ಈಗ ಕೇಳ್ತಿದೀನಿ. ಇದು ಲೈಸೆನ್ಸಿಗಾ?"

"ಅಲ್ಲ! ದಂಡ ಇಲ್ಲ! ಯಾರ ರೇಡಿಯೋನೂ ಎತ್ಕೊಂಡು ಹೋಗಲ್ಲ!" ಈಗ ಕೂಗುವ ಅಗತ್ಯವಿರಲಿಲ್ಲ, ಆದರೂ ತಂಗಿ ಕೂಗಿದಳು. ರೂಲುದೊಣ್ಣೆ ಕೆಮ್ಮಿದ. ಎಷ್ಟು ಜೋರಾಗಿ ಹೇಳಬೇಕೆಂದು ನಿಯಮದಲ್ಲಿ ಇರಲಿಲ್ಲ.

ಓಣಿಯಲ್ಲಿ ಒಂದೊಂದೇ ಬಾಗಿಲು ತೆರೆಯಿತು. ಆಮೇಲೆ ಕಾಜಾ ಅಜ್ಜಿ ರೇಡಿಯೋವನ್ನು ಮಗುವಿನ ಹಾಗೆ ಕಂಕುಳಿಗೆ ಏರಿಸಿಕೊಂಡು ಹೊರಗೆ ಬಂದಳು.

"ದಂಡ ಇಲ್ಲ ತಾನೆ? ಹಾಗಾದ್ರೆ ನನ್ನ ಹಾಳೆ ತೆಗಿಯಮ್ಮ."

"ತಿದ್ದಿದ ಕಡೆ ಹೇಳಿದವರ ಸಹಿ ಬೇಕು. ಆರರ ಮೇಲೆ ಒಂದು ನಿಮಿಷ ಕೊಡಲ್ಲ," ಎಂದು ರೂಲುದೊಣ್ಣೆ ವಾಚು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ಸಹಿ ಎಂದ ಕೂಡಲೇ ತೆರೆದಿದ್ದ ಕೆಲವು ಬಾಗಿಲು ಮತ್ತೆ ಮುಚ್ಚಿದವು. ಅಜ್ಜಿ ಮಾತ್ರ ನಿಧಾನವಾಗಿ, ಕಾಜಾ ಹೊಲಿದಷ್ಟೇ ಅಚ್ಚುಕಟ್ಟಾಗಿ ಹೆಸರು ಬರೆದಳು. ತೆರಿಗೆಯ ಪ್ರಶ್ನೆಗೆ, "ಒಂದು ರೀಲು ದಾರ ತಗೊಂಡ್ರೂ ತೆರಿಗೆ ಕಟ್ತೀನಿ. ಅದರಲ್ಲಿ ಈ ಹುಡುಗಿ ನನ್ನ ಜೊತೆ ನಾಲ್ಕು ಮಾತಾಡಿದ್ರೆ ಯಾರ ಗಂಟು ಹೋಗುತ್ತೆ? ಬೇಕು ಅಂತ ಬರಿ," ಎಂದಳು. ಕವರಿನ ಮನೆಯವನು ಕೇಳ್ತೀವಿ ಅಂದ, ತೆರಿಗೆ ಬೇಡ ಅಂದ. ತಂಗಿ ಅದನ್ನೂ ಹಾಗೇ ಬರೆದಳು. ಹನ್ನೆರಡನೆಯ ಸಹಿ ಮುಗಿದ ಮೇಲೆ ಬೇರೆ ಯಾರೂ ಬರಲಿಲ್ಲ.

ರೂಲುದೊಣ್ಣೆ ಹಾಳೆಗಳನ್ನು ಎಣಿಸಿದ. "ಬೇರೆ ಬೀದಿಗಳದ್ದು ಸರಿಸಮ. ಇಲ್ಲಿ ಇಲ್ಲ, ಹನ್ನೆರಡು. ಹೌದು, ಹದಿಮೂರು."

ಬೀಗದವನು ಮನಸ್ಸಿನಲ್ಲೇ ಕೂಡಿ ಕಳೆದು, "ಥತ್! ನಾನೇ ಉಳಿಸಿದ ಹಾಗಾಯ್ತಲ್ಲ!" ಎಂದ.

"ತಿದ್ದೋದಿದ್ರೆ ಇನ್ನೂ ಒಂದು ನಿಮಿಷ ಇದೆ," ಎಂದ ರೂಲುದೊಣ್ಣೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಇಷ್ಟು ಹೊತ್ತು ಸಹಿಗೆ ಓಡಾಡಿದ ಪೆನ್ನು ತಂಗಿಯ ಕೈಯಲ್ಲೇ ಇತ್ತು. ಕೊಡುವುದು ಅವಳ ಕೆಲಸ. ಚಾಚಿದಳು. ಬೀಗದವನು ಅದನ್ನು ತೆಗೆದುಕೊಂಡ. ಹಾಳೆ ನೋಡಿದ, ಶೆಲ್ಫಿನ ಮೇಲಿನ ರೇಡಿಯೋ ನೋಡಿದ, ಓಣಿಯ ತುಂಬ ತನ್ನನ್ನೇ ದಿಟ್ಟಿಸುತ್ತಿದ್ದ ಮುಖಗಳನ್ನು ನೋಡಿದ.

"ಬೇಡ ಅನ್ನೋದು ಬೇಡಾನೇ. ನಾಳೆ ಸಭೆಗೇ ಬಂದು ಹೇಳ್ತೀನಿ. ಆದ್ರೆ ಕೇಳೋದನ್ನ ಕೇಳಲ್ಲ ಅಂತ ಬರೆಯೋ ಕೈ ಇದಲ್ಲ." ಪೆನ್ನು ವಾಪಸ್ಸು ಕೊಟ್ಟ. "ಹಾಕ್ರಿ ಮೊಹರು."

ಮೊಹರು ಬಿತ್ತು. ತಂಗಿ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಆರು ಗಂಟೆಗೆ ಅಕ್ಕ ದಿನದ ಕೊನೆಯ ಪ್ರಕಟಣೆ ಶುರು ಮಾಡಿದಳು. ಬೀಗದಂಗಡಿಯಿಂದ, ಅಜ್ಜಿಯ ಕಂಕುಳಿನಿಂದ, ಸಹಿ ಹಾಕದ ಮನೆಗಳ ಕಿಟಕಿಗಳಿಂದಲೂ ಅದೇ ದನಿ. "ನಾಳೆ ಮೇಲಿನ ಟ್ಯಾಂಕಿನ ಕಡೆಯ ಬೀದಿಗಳಿಗೆ ನೀರು ಬೆಳಗ್ಗೆ ಐದರಿಂದ ಏಳರವರೆಗೆ ಬರುತ್ತದೆ. ತುಂಬಿಸಿಟ್ಟುಕೊಳ್ಳಿ." ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕನ ಒಂದು ಮಾತು ಕೊನೆಯವರೆಗೆ ಕೇಳಿಸಿದ್ದು ಆ ದಿನ ಅದೇ ಮೊದಲು.