ಸರೋಜವ್ವನಿಗೆಂದೇ ಮಾಡಿದ ಕೇಕು

ಸರೋಜವ್ವನ ಹಿತ್ತಲಿನಲ್ಲಿ ಡಬ್ಬಿ ತಿಕ್ಕುವ ಸದ್ದು, ಇಷ್ಟು ಬೇಗ ಯಾಕೆ, ಕೇಕು ಕೊಟ್ಟು ಅರ್ಧ ತಾಸೂ ಆಗಿಲ್ಲ — ಯಶೋಧರಾಗೆ ಮೊದಲು ಖುಷಿಯೇ ಆಯಿತು, ಮನೆಮಂದಿಯೆಲ್ಲ ಮುಗಿಬಿದ್ದು ತಿಂದಿರಬೇಕು, ಹಾಗಾದರೆ ಬಸ್‌ಸ್ಟ್ಯಾಂಡಿನಿಂದ ತಿರುಗಿ ಬಂದದ್ದೇ ದಂಡ, ಡಬ್ಬಿಯೊಳಗ ಒಂದು ಸೇಬಿನ ಹೋಳು ಇಡು ಸರೋಜಿ, ಕೇಕ್ ಒಣಗೂದಿಲ್ಲ, ಅಷ್ಟು ಹೇಳಲು ಮರೆತಿದ್ದಳು, ಮುಂಬಾಗಿಲು ಹಾಕಿತ್ತು, ಹಿತ್ತಲಿಗೆ ಸುತ್ತಿಕೊಂಡು ಬಂದಳು, ಬಂದವಳು ಗೋಡೆಯ ಮಗ್ಗುಲಲ್ಲೇ ನಿಂತಳು, ಪ್ರತಿ ವರ್ಷ ಎಮ್ಮಿಗೇ ಹಾಕೂದಾದ್ರ ಬ್ಯಾಡ ಅಂತ ಹೇಳಬಾರದೇನ್ರಿ ಅತ್ತಿ, ಇದು ಸೊಸೆ ಶೀಲಾ, ಸುಮ್ನಿರು, ಅವರ ಕೈಯಾಂದು ನಾವು ತಿನ್ನಾಕ ಬರತೈತೇನ, ಬ್ಯಾಡ ಅಂದ್ರ ಆಕಿಗೆ ಬ್ಯಾಸರ ಆಗತೈತಿ, ಇದು ಸರೋಜವ್ವ. ಗೋದಲಿಯಲ್ಲಿ ಹಿಂಡಿಯ ಜೊತೆ ಕೇಕಿನ ಕಂದು ಚೂರುಗಳು, ಎಮ್ಮೆ ನಾಲಿಗೆ ಚಾಚಿ ಒಂದು ದ್ರಾಕ್ಷಿಯನ್ನು ಹುಡುಕಿ ತೆಗೆಯಿತು.

ಪ್ರತಿ ವರ್ಷ, ಅಂದರೆ ಹನ್ನೊಂದು ವರ್ಷ, ಹಿರೇಬೆಂಡಿಗೇರಿಯ ಸಾಲಿಯಲ್ಲಿ ಏಳನೇ ಇಯತ್ತೆಯ ತನಕ ಒಂದೇ ಬೆಂಚಿನಲ್ಲಿ ಕೂತವರು, ಕೇಳಿದ್ದೂ ಸರೋಜಿಯೇ, ಶಿಗ್ಗಾವಿ ಕಾನ್ವೆಂಟಿನ್ಯಾಗ ಅಡಗಿ ಮಾಡ್ತೀ, ಆ ಸಿಸ್ಟರ್‌ಗಳ ಕ್ರಿಸ್ಮಸ್ ಕೇಕ್ ನನಗೂ ಒಂದು ತಾರವಾ, ಮೊಟ್ಟಿ ಮಾತ್ರ ಹಾಕಬ್ಯಾಡ — ಮೊಟ್ಟೆಯಿಲ್ಲದೆ ಕೇಕು ಏಳುವುದಿಲ್ಲ ಎಂದು ಸಿಸ್ಟರ್ ಅಪೊಲೊನಿಯಾ ನಕ್ಕಿದ್ದರು, ಮೊದಲನೆಯದು ಕಲ್ಲಾಯಿತು, ಎರಡನೆಯದು ನಡುವೆ ಹಸಿ, ಮೂರನೆಯದಕ್ಕೆ ಮೊಸರು ಹಾಕಿದ ಮೇಲೆ ಎದ್ದಿತು. ಉಳಿದ ಕೇಕುಗಳಿಗೆ ವೈನು, ಇದೊಂದಕ್ಕೆ ಬೇರೆ, ಎರಡು ವಾರ ಕಿತ್ತಳೆ ರಸದಲ್ಲಿ ನೆನೆದ ದ್ರಾಕ್ಷಿ, ಖರ್ಜೂರ, ಅಂಜೂರ, ಬೇಯಿಸಿದ ನಂತರವೂ ಎಂಟು ದಿನ, ದಿನಾ ಸಂಜೆ ದಬ್ಬಣದಿಂದ ಚುಚ್ಚಿ ಕಾಸಿದ ರಸ ಒಂದೊಂದೇ ಚಮಚ, ಕೂಸಿಗೆ ಕುಡಿಸಿದಂತೆ, ಮತ್ತೆ ತೆಳು ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿಗೆ — ತಿನ್ನು ಸರೋಜಿ, ಒಂದು ಚೂರು ನನ್ನ ಎದುರಿಗೇ ತಿನ್ನು, ಆಮ್ಯಾಲೆ ಎಲ್ಲಾರೂ ಕೂಡಿ ತಿಂತೇವಿ ಬಿಡು, ಪ್ರತಿ ಸಲ ಸರೋಜಿಯದು ಅದೇ ಮಾತು, ಎಂಥ ಮನೆತನ, ಒಬ್ಬಳೇ ತಿನ್ನುವುದಿಲ್ಲ ಎಂದುಕೊಂಡಿದ್ದಳಲ್ಲ ಯಶೋಧರಾ.

ಅಯ್ಯ ಅಕ್ಕಾರ, ಯಾವಾಗ ಬಂದ್ರಿ, ಶೀಲಾಳ ಕೈಯಿಂದ ಡಬ್ಬಿ ಜಾರಿತು, ಸರೋಜವ್ವ ಸೆರಗಿಗೆ ಕೈ ಒರೆಸುತ್ತ ಎದುರಿಗೆ ಬಂದು ನಿಂತಳು, ಯಶೋಧರಾ, ಈ ಸಲ ಕೇಕ್ ಭಾಳ ಮೆತ್ತಗಿತ್ತು ನೋಡು, ಎಲ್ಲಾರೂ ತಿಂದ್ರು. ಅದರಾಗ ಏನೇನ ಹಾಕಿದ್ದೆ ಹೇಳು ಸರೋಜಿ, ಹನ್ನೊಂದು ವರ್ಷ ತಿಂದೀಯಲ್ಲ, ಒಂದರ ಹೆಸರು ಹೇಳು — ಸರೋಜವ್ವ ಗೋದಲಿಗೆ ಅಡ್ಡವಾಗಿ ಸರಿದು ನಿಂತಳು. ಬೂದಿ ಮೆತ್ತಿದ ಡಬ್ಬಿಯನ್ನು ಯಶೋಧರಾ ಹಾಗೆಯೇ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಬಸ್ಸು ಹೊರಟಿದೆ, ಡಬ್ಬಿ ತೊಡೆಯ ಮೇಲಿದೆ, ನಾಳೆ ಹಬ್ಬ, ಕಾನ್ವೆಂಟಿನಲ್ಲಿ ಇಪ್ಪತ್ತು ಮಂದಿಗೆ ಅಡುಗೆ, ಅಕ್ಕಿ ತೊಳೆಯಬೇಕು, ಬಟಾಣಿ ಬಿಡಿಸಬೇಕು — ಎಮ್ಮೆ ನಾಲಿಗೆ ಚಾಚುತ್ತದೆ — ಬಟಾಣಿ ಬಿಡಿಸಬೇಕು, ಸಿಸ್ಟರ್ ಕೇಳುತ್ತಾರೆ, ನಿನ್ನ ಗೆಳತಿಗೆ ಕೇಕು ಹಿಡಿಸಿತೇ ಎಂದು ಪ್ರತಿ ವರ್ಷ ಕೇಳುತ್ತಾರೆ, ಏನು ಹೇಳುವುದು — ಕಪ್ಪು ನಾಲಿಗೆ, ತುದಿಯಲ್ಲಿ ರಸ ತುಂಬಿದ ಒಂದೇ ಒಂದು ದ್ರಾಕ್ಷಿ —