ಇಂಚಿನ ಬೋಲ್ಟು

ಮೇಣದ ವಾಸನೆ, ಕಾದ ಲೋಹದ ಮೇಲೆ ಕರಗಿ ಬೋಲ್ಟು ಮುರಿದು ಸಿಕ್ಕಿಕೊಂಡ ತೂತಿನೊಳಗೆ ಇಳಿಯುತ್ತಿರುವ ಮೇಣ, ಇಳಿ, ಇನ್ನೂ ಕೆಳಕ್ಕೆ ಹೋಗು, ನಿಲ್ಡಾ ಹಲ್ಲು ಕಚ್ಚಿಕೊಂಡೇ ಅದಕ್ಕೆ ಹೇಳುತ್ತಾಳೆ, ಮೇಣಕ್ಕಾದರೂ ಮಾತು ಕೇಳುವ ಬುದ್ಧಿಯಿದೆ, ಬಾಗಿಲಿಗೊರಗಿ ಕಾಫಿ ಹೀರುತ್ತಿರುವ ಈ ತಮ್ಮ ಎವೆಲಿಯೊಗೆ ಇಲ್ಲ — ಕಾರು ಅಮೆರಿಕದ್ದು, ಎಂಜಿನ್ ರಷ್ಯಾದ್ದು, ಈ ಹಿಬಾರಾ ಊರಿನಲ್ಲಿ ಯಾರಿಗೆ ಗೊತ್ತಿಲ್ಲ, ಇಂಚಿನ ಬೋಲ್ಟಿಗೊಂದು ಡಬ್ಬಿ, ಮಿಲ್ಲಿಮೀಟರಿನದಕ್ಕೊಂದು ಇಟ್ಟಿದ್ದಾಳೆ, ಈ ಮಹರಾಯ ಇಂಚಿನದನ್ನು ತಂದು ಮಿಲ್ಲಿಮೀಟರಿನದೇ ಕೂರುವ ರಷ್ಯಾದ ಎಂಜಿನ್ನಿನ ಸಿಲಿಂಡರ್ ಹೆಡ್ಡಿಗೆ ತುರುಕಿದ, ಎರಡು ಸುತ್ತು ಹೋಗಿ ಬಿಗಿಯಾಯಿತು, ಬಿಗಿಯಾದರೆ ನಿಲ್ಲಿಸಬೇಕಲ್ಲವೇ, ಸ್ಪ್ಯಾನರಿನ ಹಿಡಿಗೆ ಉದ್ದದ ಪೈಪು ಸಿಕ್ಕಿಸಿ ಜಗ್ಗಿದ, ಹೋಗುತ್ತೆ ಬಿಡಕ್ಕ, ಎರಡೂ ಹೆಚ್ಚುಕಮ್ಮಿ ಒಂದೇ, ಹೆಚ್ಚುಕಮ್ಮಿಯಂತೆ, ನಿನ್ನ ತಲೆ, ಈ ಹೆಡ್ಡು ಹಾಳಾದರೆ ಇನ್ನೊಂದನ್ನು ಈ ದ್ವೀಪದಲ್ಲಿ ಎಲ್ಲಿಂದ ತರುವುದು, ಮನೆಯೊಳಗೆ ಅಮ್ಮ ಚೀಲ ಮಡಿಲಲ್ಲಿಟ್ಟುಕೊಂಡು ಹೊರಟು ಕುಳಿತಿದ್ದಾಳೆ, ಇವತ್ತು ಡಯಾಲಿಸಿಸ್, ಹೊಲ್ಗಿನ್ ಆಸ್ಪತ್ರೆಯವರೆಗೆ ಹೋಗಬೇಕು, ಬಸ್ಸನ್ನು ನಂಬುವ ಹಾಗಿಲ್ಲ, ಅಮ್ಮನ ಕಾಲು ಆಗಲೇ ಊದಿ ಚಪ್ಪಲಿಯೊಳಗೆ ಹೋಗುತ್ತಿಲ್ಲ — ಅಪ್ಪನೂ ಹೀಗೇ, ಬಿಗಿದದ್ದು ಜಾರಲೆಂದು, ಮೇಣ ಬಿಡುತ್ತಿದ್ದ, ದೀಪ ಹಿಡಿಯಲು ನಿಲ್ಡಾ ಬೇಕು, ಸ್ಪ್ಯಾನರು ಮಾತ್ರ ಮಗನ ಕೈಗೆ, ಹುಡುಗಿ ನೀನು, ಸರಿಯಾಗಿ ಬೆಳಕು ಬಿಡು ಸಾಕು, ಬಿಟ್ಟಳು, ಬಿಟ್ಟುಕೊಂಡೇ ಎಲ್ಲವನ್ನೂ ನೋಡಿಕೊಂಡಳು.

ಮುರಿದ ಬೋಲ್ಟಿನ ತುಂಡಿನ ನಟ್ಟನಡುವೆ ಕೊರೆದಾಗಿದೆ, ಅದರೊಳಗೆ ಎಡಕ್ಕೆ ತಿರುಗಿಸಿದರೆ ಕಚ್ಚಿಕೊಂಡು ತುಂಡನ್ನು ಹೊರತರುವ ಉಕ್ಕಿನ ಕಡ್ಡಿ, ಗಟ್ಟಿ ಉಕ್ಕು, ಗಾಜಿನ ಹಾಗೆ ಮುರಿಯುವಂಥದ್ದು, ಮೆಲ್ಲಗೆ, ಒಂದಿಷ್ಟು ತಿರುಗಿಸು, ನಿಲ್ಲಿಸು, ಹಿಂದಕ್ಕೆ, ಮತ್ತೆ ಮೇಣ, ಕದಲಿತು, ದೇವರೇ, ಕದಲಿತು, ಎವೆಲಿಯೊ ಹತ್ತಿರ ಬಂದ, ಕೊಡಿಲ್ಲಿ, ಮಧ್ಯಾಹ್ನದವರೆಗೂ ಸವರ್ತಾ ಕೂತಿರ್ತೀಯಾ, ಮುಟ್ಟಿದ್ರೆ ಕೈ ಮುರೀತೀನಿ ನೋಡು, ಒಳಗಿನಿಂದ ಅಮ್ಮ, ಅವನಿಗೆ ಕೊಡೇ, ಗಂಡಸಿನ ಕೈ, ಬೇಗ ಆಗುತ್ತೆ — ಅಮ್ಮಾ, ನಿನ್ನ ರಕ್ತಕ್ಕೋಸ್ಕರ ಕಣಮ್ಮಾ ನಾನು ಇಲ್ಲಿ ಸಾಯ್ತಿರೋದು, ನಿನ್ನ ಬಾಯಲ್ಲೂ ಅದೇ ಮಾತಾ, ಜಗಳವಾಡಲು ಹೊತ್ತಿಲ್ಲ, ಅಮ್ಮನ ಏದುಸಿರು ಇಲ್ಲಿಗೇ ಕೇಳುತ್ತಿದೆ, ಕೈ ಸಡಿಲಾಯಿತು, ಯಾಕಾದರೂ ಸಡಿಲಾಯಿತೋ, ಅವನು ಸ್ಪ್ಯಾನರು ಹಿಡಿದ, ಪೈಪು ಸಿಕ್ಕಿಸಿದ, ಬೇಡ ಕಣೋ, ಪೈಪು ಬೇಡ, ಜಗ್ಗಿದ, ಟಕ್.

ಅಷ್ಟೇ ಸದ್ದು. ಅರ್ಧ ಕಡ್ಡಿ ಅವನ ಕೈಯಲ್ಲಿ, ಉಳಿದರ್ಧ ಬೋಲ್ಟಿನೊಳಗೆ, ಅದನ್ನು ಕೊರೆಯುವ ಡ್ರಿಲ್ಲು ಈ ಊರಿನಲ್ಲಿಲ್ಲ, ಕಾರು ಇವತ್ತು ಹೊರಡುವುದಿಲ್ಲ, ಅವನಿಗೂ ಗೊತ್ತು, ಬಡಿಯಬೇಕು ಇವನನ್ನು, ಇದೇ ಪೈಪಿನಿಂದ, ಕೈ ಏಳುತ್ತಿಲ್ಲ, ತೂತಿನ ನಡುವೆ ಉಕ್ಕಿನ ಚುಕ್ಕಿ, ಬೆಳ್ಳಗೆ ಹೊಳೆಯುತ್ತಿದೆ, ಮುಗೀತೇನೋ ಎವೆಲಿಯೊ, ಒಳಗಿನಿಂದ ಅಮ್ಮ ಕೇಳುತ್ತಿದ್ದಾಳೆ, ನಾನು ಏಳಲಾ ಮಗನೇ, ಆ ಚುಕ್ಕಿ, ಮುಗೀತೇನೋ, ಚುಕ್ಕಿ